ಚಳಿಗಾಲದ ಬ್ರಾಯ್ಲರ್ ಕೋಳಿಗೆ ಆಹಾರದ ಮಿತಿ

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ಶೆಡ್ಡಿನಲ್ಲಿ ಚಳಿಗಾಲ ಬಂತೆಂದರೆ, ನಾಲ್ಕು ವಾರ ದಾಟಿದ ದಷ್ಟಪುಷ್ಟ ಬ್ರಾಯ್ಲರ್ ಕೋಳಿಗಳೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸಾಯುತ್ತವೆ. ಆಹಾರ ಕಡಿಮೆ ಮಾಡಿದರೆ ಇದನ್ನು ತಡೆಯಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನೀವು ಹೇಳಿದ ಲಕ್ಷಣ ಜಲೋದರವನ್ನು ಸೂಚಿಸುತ್ತದೆ. ಚಳಿಯಲ್ಲಿ ಮೈಯ ಬಿಸುಪು ಕಾಯ್ದುಕೊಳ್ಳಲು ಕೋಳಿಗೆ ಹೆಚ್ಚು ಆಮ್ಲಜನಕ ಬೇಕು. ವೇಗವಾಗಿ ಬೆಳೆಯುವ ಈ ತಳಿಗಳ ಶ್ವಾಸಕೋಶಕ್ಕೆ ಆ ಬೇಡಿಕೆಯನ್ನು ಪೂರೈಸಲಾಗದೆ, ಅಲ್ಲಿನ ರಕ್ತನಾಳಗಳಲ್ಲಿ ಒತ್ತಡ ಏರಿ, ಹೃದಯದ ಬಲಭಾಗ ಸೋತು, ಯಕೃತ್ತಿನಿಂದ ಒಸರಿದ ದ್ರವ ಹೊಟ್ಟೆಯಲ್ಲಿ ನಿಲ್ಲುತ್ತದೆ. ಮರಿಗಳ ವಯಸ್ಸಿನ ಎರಡನೆಯ ವಾರದಲ್ಲಿ ಆಹಾರವನ್ನು ಮಿತಗೊಳಿಸಿದರೆ ಬೆಳವಣಿಗೆಯ ವೇಗ ತಗ್ಗಿ ಇಂತಹ ಸಾವು ಕಡಿಮೆಯಾಗುತ್ತದೆ, ತೂಕದ ಕೊರತೆಯೂ ಬಹುಮಟ್ಟಿಗೆ ಮುಂದೆ ತುಂಬಿಕೊಳ್ಳುತ್ತದೆ. ನೀರನ್ನು ಮಾತ್ರ ಎಂದಿಗೂ ನಿಲ್ಲಿಸಬಾರದು.

ಆದರೆ ನಡುಗುತ್ತಿರುವ ಮರಿಯ ಆಹಾರವನ್ನು ಕಡಿತಗೊಳಿಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ, ಏಕೆಂದರೆ ಅದರ ಮೈ ಬಿಸಿಯಾಗುವುದು ಆ ಆಹಾರದಿಂದಲೇ. ಮೊದಲ ವಾರ ಮರಿಗಳ ಮಟ್ಟದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಶಾಖವಿರಲಿ, ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿರಿ. ರಾತ್ರಿ ಪರದೆಗಳನ್ನು ಪೂರ್ತಿ ಮುಚ್ಚಿದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಹೆಚ್ಚಿ ಉಸಿರಾಟಕ್ಕೆ ಇನ್ನಷ್ಟು ಹಾನಿಯಾಗುವುದರಿಂದ, ಮೇಲ್ಭಾಗದಲ್ಲಿ ಗಾಳಿಗೆ ಜಾಗ ಬಿಡಿರಿ. ಸತ್ತ ಕೋಳಿಯೊಂದನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ರೋಗ ಖಚಿತವಾದ ಮೇಲೆಯೇ ಆಹಾರದ ಪ್ರಮಾಣ ನಿರ್ಧರಿಸಿರಿ.