ಆಫ್ರಿಕನ್ ಹಂದಿ ಜ್ವರ 1921ರಲ್ಲೇ ವರದಿಯಾಗಿತ್ತು. ಲಸಿಕೆ ಬರಲು ಇಷ್ಟು ತಡವಾದದ್ದೇಕೆ?

ತನ್ನನ್ನು ನುಂಗಿ ಕೊಲ್ಲಬೇಕಾದ ರಕ್ಷಣಾ ಕೋಶಗಳೊಳಗೇ ಈ ವೈರಸ್ ಬಿಡಾರ ಹೂಡುತ್ತದೆ, ಅದಕ್ಕೇ. ಸಾಲದ್ದಕ್ಕೆ ಇದು 150ಕ್ಕೂ ಹೆಚ್ಚು ಪ್ರೋಟೀನುಗಳನ್ನು ತಯಾರಿಸುವ ದೈತ್ಯ ಡಿಎನ್‌ಎ ವೈರಸ್. ಅವುಗಳಲ್ಲಿ ಹಲವಕ್ಕೆ ಹಂದಿಯ ರೋಗನಿರೋಧಕ ಶಕ್ತಿಯ ಹಾದಿ ತಪ್ಪಿಸುವುದೇ ಕೆಲಸ.

ಸಾಮಾನ್ಯವಾಗಿ ಕೊಂದ ವೈರಸ್ಸನ್ನು ಚುಚ್ಚಿದರೆ ದೇಹದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳು, ಹುಟ್ಟುತ್ತವೆ. ಇಲ್ಲಿಯೂ ಹುಟ್ಟುತ್ತವೆ, ಆದರೆ ಅವುಗಳಿಂದಷ್ಟೇ ಹಂದಿ ಉಳಿಯುವುದಿಲ್ಲ. ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳೂ ಎಚ್ಚೆತ್ತುಕೊಳ್ಳಬೇಕು. ಅವುಗಳನ್ನು ಎಬ್ಬಿಸುವಲ್ಲಿ ಈವರೆಗೆ ಹೆಚ್ಚು ಯಶಸ್ವಿಯಾಗಿರುವುದು ಜೀವಂತವಾಗಿದ್ದೂ ದುರ್ಬಲಗೊಳಿಸಿದ ವೈರಸ್. ತೊಡಕಿರುವುದೂ ಅಲ್ಲೇ. 1960ರ ದಶಕದಲ್ಲಿ ಪೋರ್ಚುಗಲ್ ಮತ್ತು ಸ್ಪೇನ್‌ನಲ್ಲಿ ಅಂಥ ಲಸಿಕೆ ಹಾಕಿದಾಗ ಅನೇಕ ಹಂದಿಗಳು ಲಸಿಕೆಯಿಂದಲೇ ಕಾಯಿಲೆ ಬಿದ್ದವು.

ಈಗ ವಿಜ್ಞಾನಿಗಳು ವೈರಸ್‌ನ ಆಯ್ದ ಜೀನ್‌ಗಳನ್ನೇ ಕತ್ತರಿಸುತ್ತಾರೆ. ಐ177ಎಲ್ ಎಂಬ ಜೀನ್ ತೆಗೆದು ಮಾಡಿದ ಲಸಿಕೆಗೆ ವಿಯೆಟ್ನಾಂ 2022ರಲ್ಲಿ ಒಪ್ಪಿಗೆ ಕೊಟ್ಟಿತು. ದುರ್ಬಲ ವೈರಸ್ ಹಂದಿಯಿಂದ ಹಂದಿಗೆ ದಾಟುತ್ತಾ ಮತ್ತೆ ಉಗ್ರವಾದೀತೆಂಬ ಅಂಜಿಕೆ ಮಾತ್ರ ಹೋಗಿಲ್ಲ. ಹಳೆಯ ಅನುಭವ ನೋಡಿದರೆ ಅದು ಅತಿಯಾದ ಎಚ್ಚರವೆಂದು ನನಗೆ ಅನಿಸುವುದಿಲ್ಲ.