ಲ್ಯಾಪ್‌ಟಾಪೇ ಸಾಕಾಯ್ತು ಅಂತ ಗೈಡ್‌ಗೆ ಹೇಳಲೇ?

ಪ್ರಶ್ನೆ: ಕ್ವಾಂಟಮ್ ಮಾಹಿತಿ ಸಂಶೋಧನೆಯ ತಂಡವೊಂದರಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಗುತ್ತಿಗೆ ಸಂಶೋಧಕಿ) ಆಗಿದ್ದೇನೆ. ಓದಿದ್ದು ಕಂಪ್ಯೂಟರ್ ಸೈನ್ಸ್. ಫಿಸಿಕ್ಸ್‌ನವರ ನಡುವೆ ನಾನು ‘ಕೋಡ್ ಬರೆಯೋ ಹುಡುಗಿ’. ವಿದೇಶಿ ಕ್ವಾಂಟಮ್ ಕಂಪ್ಯೂಟರನ್ನು ಕ್ಲೌಡ್ ಮೂಲಕ ಬಳಸಿ ಮಾಡಿದ 60 ಕ್ಯೂಬಿಟ್‌ಗಳ (ಅದರ ಮಾಹಿತಿಯ ಘಟಕಗಳ) ಪ್ರಯೋಗವನ್ನು ‘ಮಾಮೂಲಿ ಕಂಪ್ಯೂಟರಿಗೆ ಆಗದ ಕೆಲಸ’ ಎಂದು ಪೇಪರ್‌ನಲ್ಲಿ ಬರೆದಿದ್ದೇವೆ. ನನ್ನ ಟೆನ್ಸರ್ ನೆಟ್‌ವರ್ಕ್ (ದೊಡ್ಡ ಕ್ವಾಂಟಮ್ ಲೆಕ್ಕವನ್ನು ಸಣ್ಣ ತುಂಡುಗಳಾಗಿ ಒಡೆದು ಮಾಡುವ ವಿಧಾನ) ಪ್ರೋಗ್ರಾಂ ಅದೇ ಉತ್ತರವನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ರಾತ್ರಿಯಲ್ಲಿ ಕೊಟ್ಟಿತು! ಪೇಪರ್ ಕಳಿಸಲು ಇನ್ನು ಹತ್ತು ದಿನ. ಹೇಳಿದರೆ ಗೈಡ್ ಸಿಟ್ಟಾಗುತ್ತಾರೆ, ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ ಎಂಬ ಭಯ. ಸುಮ್ಮನಿರಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಸುಮ್ಮನಿರಬೇಡಿ. ಹಾಗಂತ ನಾಳೆ ಬೆಳಿಗ್ಗೆಯೇ ಓಡಬೇಡಿ. ಮೊದಲು ನಿಮ್ಮ ಲೆಕ್ಕವನ್ನೇ ಅನುಮಾನಿಸಿ. 30 ಕ್ಯೂಬಿಟ್‌ಗಳ ಪೂರ್ತಿ ಸ್ಥಿತಿ ಹಿಡಿಯಲು ಸುಮಾರು 16 ಜಿಬಿ ಮೆಮೊರಿ ಬೇಕು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ಅದು ದುಪ್ಪಟ್ಟು. 60ಕ್ಕೆ ಯಾವ ಸೂಪರ್‌ಕಂಪ್ಯೂಟರೂ ಸಾಲದು. ಅಂದಮೇಲೆ ನಿಮ್ಮ ಪ್ರೋಗ್ರಾಂ ಎಷ್ಟನ್ನೋ ಬಿಟ್ಟೇ ಮುಂದೆ ಹೋಗಿದೆ. ಬಿಟ್ಟದ್ದು ಹೊಟ್ಟೋ, ಕಾಳೋ? ಬಾಂಡ್ ಡೈಮೆನ್ಷನ್ (ಪ್ರೋಗ್ರಾಂ ಎಷ್ಟು ವಿವರ ಉಳಿಸಿಕೊಳ್ಳಬೇಕೆಂಬ ಮಿತಿ) ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. ಸರ್ಕ್ಯೂಟನ್ನು 20 ಕ್ಯೂಬಿಟ್‌ಗೆ ಇಳಿಸಿ ನಿಖರ ಲೆಕ್ಕದೊಂದಿಗೆ ತಾಳೆ ನೋಡಿ. ಎರಡರಲ್ಲೂ ಗೆದ್ದರೆ ಗೈಡ್ ಕೋಣೆಗೆ ಹೋಗಿ. ಗ್ರೂಪ್ ಮೀಟಿಂಗಿನಲ್ಲಂತೂ ಬೇಡ.

ಈ ಮುಖಭಂಗ ದೊಡ್ಡವರಿಗೂ ತಪ್ಪಿಲ್ಲ. ತನ್ನ 53 ಕ್ಯೂಬಿಟ್‌ಗಳ ಸಿಕಮೋರ್ ಕ್ವಾಂಟಮ್ ಚಿಪ್ 200 ಸೆಕೆಂಡಿನಲ್ಲಿ ಮುಗಿಸಿದ ಕೆಲಸಕ್ಕೆ ಸೂಪರ್‌ಕಂಪ್ಯೂಟರಿಗೆ 10,000 ವರ್ಷ ಬೇಕು ಎಂದಿತು ಗೂಗಲ್, 2019ರಲ್ಲಿ. ಎರಡೂವರೆ ದಿನ ಸಾಕು ಎಂದಿತು ಐಬಿಎಂ. ಅದೇ ಐಬಿಎಂ 2023ರಲ್ಲಿ 127 ಕ್ಯೂಬಿಟ್‌ಗಳ ಪ್ರಯೋಗ ಪ್ರಕಟಿಸಿದ ಕೆಲವೇ ವಾರಗಳಲ್ಲಿ ಬೇರೆಯವರು ಅದನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ಗೈಡ್‌ಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಸರ್, ಹೊರಗಿನವರು ಮಾಡುವ ಮೊದಲು ನಾವೇ ಇದನ್ನು ಪೇಪರ್‌ಗೆ ಸೇರಿಸೋಣ’ ಅನ್ನಿ. ಆ ಭಾಗ ನಿಮ್ಮದು, ಲೇಖಕರ ಪಟ್ಟಿಯಲ್ಲಿ ನಿಮ್ಮ ಜಾಗದ ಮಾತೂ ಅಲ್ಲೇ ಆಗಲಿ.

ಇನ್ನೊಂದು. ‘ಕೋಡ್ ಬರೆಯೋ ಹುಡುಗಿ’ ಎಂಬ ಮಾತು ನಿಮ್ಮನ್ನು ಕುಟುಕಿದೆ. ಲ್ಯಾಪ್‌ಟಾಪಿನ ಕಥೆಗಿಂತ ಮೊದಲು ಅದನ್ನೇ ಬರೆದಿದ್ದೀರಿ. ಆ ನೋವನ್ನು ಈ ಲೆಕ್ಕದ ಜೊತೆ ಗಂಟು ಕಟ್ಟಿ ಒಯ್ಯಬೇಡಿ. ಅದಕ್ಕೆ ಬೇರೆ ದಿನವಿದೆ.

ಗುತ್ತಿಗೆಯ ಭಯ ಸುಳ್ಳಲ್ಲ. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಕಂಪ್ಯೂಟಿಂಗ್ ಹಬ್ ನಿಮ್ಮೂರಿನ ಐಐಎಸ್‌ಸಿಯಲ್ಲೇ ಇದೆ. ಅಲ್ಲಿ ಇಲ್ಲಿ ಅರ್ಜಿ ಹಾಕಿಟ್ಟಿರಿ.

ಗೈಡ್ ‘ಪೇಪರ್ ಹೋಗಲಿ, ಆಮೇಲೆ ನೋಡೋಣ’ ಎಂದರೆ? ‘ಆಗದ ಕೆಲಸ’ ಎಂಬ ಆ ಸಾಲು ಹಾಗೇ ಉಳಿಯುವುದಾದರೆ ನಿಮ್ಮ ಹೆಸರು ತೆಗೆಯಲು ಕೇಳಿ, ಇಮೇಲ್‌ನಲ್ಲಿ.