ಹದ್ದಿನ ರಕ್ತಕ್ಕೆ 37 ಡಿಗ್ರಿ ಸಾಲದು

ಕಲಬುರಗಿಯಲ್ಲಿ ಗಾಯಗೊಂಡ ಕರಿ ಹದ್ದಿನ ಕ್ರೋಮೋಸೋಮ್ ಎಣಿಸಲೆಂದು ಅದರ ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ತಂದು, 37 ಡಿಗ್ರಿಯಲ್ಲಿ ಕಲ್ಚರ್ ಮಾಡಿದರೂ ಒಂದು ಮೆಟಾಫೇಸ್ (ಕೋಶ ವಿಭಜನೆಯಲ್ಲಿ ಕ್ರೋಮೋಸೋಮ್ ಸ್ಪಷ್ಟವಾಗಿ ಕಾಣುವ ಹಂತ) ಕೂಡ ಸಿಗಲಿಲ್ಲ ಅಂದಿದ್ದೀರಿ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಕ್ಯಾಲ್ಸಿಯಂ ಇಲ್ಲದೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ವಿಭಜನೆಗೆ ಏಳುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯಲು ಅದರ ಬದಲು ಸೋಡಿಯಂ ಹೆಪಾರಿನ್ ಬಳಸಿ. ಹಕ್ಕಿಯ ಮೈಬಿಸಿ 40ರ ಆಸುಪಾಸು, ಹಾಗಾಗಿ ಇನ್‌ಕ್ಯುಬೇಟರ್ 39–40ಕ್ಕೆ ಇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಸ್ಯಾಂಪಲ್ ಬೈಕ್ ಡಿಕ್ಕಿಯಲ್ಲಿ ತರಲೇಬೇಡಿ. ಐಸ್ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ಕೂಲ್ ಬಾಕ್ಸಿನಲ್ಲಿ ತನ್ನಿ.

ಹಕ್ಕಿಯ ಕೆಂಪು ಕಣಕ್ಕೂ ನ್ಯೂಕ್ಲಿಯಸ್ ಇರುತ್ತದೆ. ಇಡೀ ರಕ್ತ ಹಾಕಿದರೆ ಸ್ಲೈಡಿನ ತುಂಬ ಮೊಟ್ಟೆಯಾಕಾರದ ಆ ನ್ಯೂಕ್ಲಿಯಸ್‌ಗಳೇ. ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಪ್ಲಾಸ್ಮಾ ಮತ್ತು ಬಿಳಿ ರಕ್ತಕಣಗಳ ತೆಳು ಪದರವನ್ನಷ್ಟೇ ಪಿಎಚ್‌ಎ (ಲಿಂಫೋಸೈಟನ್ನು ವಿಭಜನೆಗೆ ಎಬ್ಬಿಸುವ ವಸ್ತು) ಬೆರೆಸಿದ ಮೀಡಿಯಂಗೆ ಹಾಕಿ. 72 ಗಂಟೆ ಬಿಡಿ. ಕೊನೆಗೆ ವಿಭಜನೆಯನ್ನು ಮೆಟಾಫೇಸಿನಲ್ಲೇ ನಿಲ್ಲಿಸಲು ಸುಮಾರು ಒಂದು ಗಂಟೆ ಕೋಲ್ಚಿಸಿನ್. ಹೊತ್ತು ಮೀರಿದರೆ ಕ್ರೋಮೋಸೋಮ್ ಮೊಂಡಾಗಿ ಕುಗ್ಗುತ್ತವೆ. ಆಮೇಲೆ ಕೋಶ ಉಬ್ಬಲು 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 20 ನಿಮಿಷ, ಬಳಿಕ ಅದನ್ನು ಕೆಡದಂತೆ ಸ್ಥಿರಗೊಳಿಸಲು ಮೆಥನಾಲ್–ಅಸಿಟಿಕ್ ಆಮ್ಲ 3:1.

ಎಣಿಸುವಾಗ ಕೋಳಿಯ 78 ಕ್ರೋಮೋಸೋಮ್‌ಗಳನ್ನು ಅಳತೆಗೋಲು ಮಾಡಬೇಡಿ. ಹದ್ದಿನ ಕುಟುಂಬದಲ್ಲಿ ಅತಿ ಚಿಕ್ಕ ಮೈಕ್ರೋಕ್ರೋಮೋಸೋಮ್‌ಗಳು ತೀರ ಕಡಿಮೆ, ಮಧ್ಯಮ ಗಾತ್ರದವೇ ಹೆಚ್ಚು. ಲಿಂಗ ನಿರ್ಧರಿಸುವ ಕ್ರೋಮೋಸೋಮ್‌ಗಳು ಹೆಣ್ಣಿಗೆ ಝಡ್–ಡಬ್ಲ್ಯೂ, ಗಂಡಿಗೆ ಎರಡು ಝಡ್. ಡಬ್ಲ್ಯೂ ಗುರುತಿಸಲು ಸಿ-ಬ್ಯಾಂಡಿಂಗ್ (ಕ್ರೋಮೋಸೋಮಿನ ಕೆಲವು ಭಾಗ ಗಾಢವಾಗಿ ಕಾಣುವಂತೆ ಬಣ್ಣ ಹಾಕುವ ವಿಧಾನ) ಮಾಡಿ. ಮುಂದಿನ ಸ್ಯಾಂಪಲ್‌ಗೆ ಮೊದಲೇ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ, ರಕ್ತ ಪಶುವೈದ್ಯರೇ ತೆಗೆಯಲಿ.